ಜಗಳವಾಡುವ ಕುಟುಂಬಕ್ಕೆ ತೆರಿಗೆ ವಿನಾಯಿತಿ

ಬಹಳ ಹಿಂದೆ, ಕುಟುಂಬ ಎಂದರೆ ಯಾರು ಯಾರು ಎಂಬುದನ್ನು ಅರಮನೆ ಇನ್ನೂ ತೀರ್ಮಾನಿಸಿರದ ಕಾಲದಲ್ಲಿ, ಕ್ಷೇಮಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಸಂತೃಪ್ತಸೇನ ಮಹಾರಾಜರಿಗೆ ಪ್ರಜೆಗಳ ಆರೋಗ್ಯದ ಬಗ್ಗೆ ಅಪಾರ ಕಾಳಜಿ. ಆಸ್ಪತ್ರೆ ಕಟ್ಟಿಸಿದರೆ ಎಲ್ಲಿ ಜನ ಕಾಯಿಲೆ ಬೀಳುವರೋ ಎಂದು ಹೆದರಿ ಅವರು ಒಂದನ್ನೂ ಕಟ್ಟಿಸಿರಲಿಲ್ಲ. ಬದಲಿಗೆ ಆರೋಗ್ಯ ವಿಮೆ ಜಾರಿಗೆ ತಂದರು. ಪ್ರಜೆಗಳು ವರ್ಷಕ್ಕೊಮ್ಮೆ ಕಂತು ಕಟ್ಟಬೇಕು. ಕುಟುಂಬದವರ ಕಂತನ್ನು ಕಟ್ಟಿದವರಿಗೆ ತೆರಿಗೆಯಲ್ಲಿ ವಿನಾಯಿತಿ. ಡಂಗುರ ಹೊಡೆದ ದಿನ ಜನ ಬೀದಿಯಲ್ಲಿ ಕುಣಿದರು. ವಿನಾಯಿತಿ ಎಂಬ ಪದವನ್ನು ಅವರು ಅದುವರೆಗೆ ಕೇಳಿರಲಿಲ್ಲ.

ಗಾಣದ ಬೀದಿಯ ಚೆನ್ನಾಜಿಯೂ ಕುಣಿದಳು. ಅವಳು ಹಪ್ಪಳ ಮಾಡಿ ಮಾರುವವಳು. ಗಂಡ ತೀರಿಕೊಂಡ ಮೇಲೂ ಅತ್ತೆ ಪುಟ್ಟೀರಮ್ಮನದೂ ಅವಳದೂ ಒಂದೇ ಒಲೆ. ಸೊಸೆ ಲಟ್ಟಿಸುವುದು, ಅತ್ತೆ ಕೋಲು ಹಿಡಿದು ಕೂತು ಒಣಗುವ ಹಪ್ಪಳಕ್ಕೆ ಕಾಗೆ ಕಾಯುವುದು. ಆದರೆ ಈಚೆಗೆ ಅತ್ತೆಯ ಕಣ್ಣಿಗೆ ಪೊರೆ ಬಂದು ಕಾಗೆ ಯಾವುದು, ಕರಿ ಕಂಬಳಿ ಹೊದ್ದ ಪಕ್ಕದ ಮನೆಯವರು ಯಾರು ಎಂದು ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯವರು ಈಗಾಗಲೇ ಏಟು ತಿಂದಿದ್ದರು. ಅತ್ತೆಯ ಮೊದಲ ಕಂತನ್ನು ಚೆನ್ನಾಜಿ ಹೇಗೋ ಕಟ್ಟಿದ್ದಳು. ವಿನಾಯಿತಿಯಲ್ಲಿ ಉಳಿಯುವ ಹಣದಿಂದಲೇ ಮುಂದಿನ ಕಂತು ಕಟ್ಟಬೇಕು. ಎರಡು ಕಂತು ತುಂಬಿದ ಮೇಲೇ ವಿಮೆಯ ಖರ್ಚಿನಲ್ಲಿ ವೈದ್ಯರು ಪೊರೆ ತೆಗೆಯುವುದು. ಕಂತು ತಪ್ಪಿದರೆ ಆ ಮಾತೇ ಇಲ್ಲ.

ವಿನಾಯಿತಿ ಕಚೇರಿಯ ಅಧಿಕಾರಿ ಕೇಳಿದ: "ಪುಟ್ಟೀರಮ್ಮ ಅಂದ್ರೆ ನಿಮಗೇನಾಗಬೇಕಮ್ಮ?"

"ಅತ್ತೆ ಸ್ವಾಮಿ."

"ನಿಯಮದಲ್ಲಿ ತಾಯಿ ಇದ್ದಾರೆ, ತಂದೆ ಇದ್ದಾರೆ, ಗಂಡ, ಹೆಂಡತಿ, ಮಕ್ಕಳು ಇದ್ದಾರೆ. ಅತ್ತೆ ಇಲ್ಲ."

"ನಿಯಮದಲ್ಲಿ ಇಲ್ಲದೆ ಇರಬಹುದು. ನಮ್ಮನೇಲಿ ಇದಾರಲ್ಲ?"

ಅಧಿಕಾರಿ ಪ್ರಕರಣವನ್ನು ಆಸ್ಥಾನಕ್ಕೆ ಕಳಿಸಿದ.

"ಅತ್ತೆಯು ಕುಟುಂಬದವಳೋ ಅಲ್ಲವೋ?" ಎಂದು ಮಹಾರಾಜರು ಗಂಭೀರವಾಗಿ ಕೇಳಿದರು. ಹೌದೆಂದರೆ ಬೊಕ್ಕಸಕ್ಕೆ ನಷ್ಟ. ಅಲ್ಲವೆನ್ನಲು ಎಲ್ಲರಿಗೂ ಭಯ, ಏಕೆಂದರೆ ಪರದೆಯ ಹಿಂದೆ ಮಹಾರಾಣಿಯವರ ತಾಯಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಆಗ ಎದ್ದವರು ಹಣಕಾಸು ಮಂತ್ರಿ ಕಡಿತಕೇಸರಿ. "ಪ್ರಭುಗಳೇ, ತಮ್ಮ ಪ್ರಶ್ನೆಯೇ ಒಂದು ಮಹಾಕಾವ್ಯ! ಅಪರಿಚಿತರೊಡನೆ ಯಾರಾದರೂ ಮನಸ್ಸಿಟ್ಟು ಜಗಳವಾಡುತ್ತಾರೆಯೇ? ಎಲ್ಲಿ ಕಲಹವೋ ಅಲ್ಲಿಯೇ ಕುಟುಂಬ. ಡೇಟಾ ಕೂಡ ಅದನ್ನೇ ಹೇಳುತ್ತದೆ."

ಪರದೆಯ ಹಿಂದಿನಿಂದ "ಹೂಂ" ಎಂಬ ಸದ್ದು ಬಂತು. ಅದನ್ನೇ ಸಂಪುಟದ ಒಪ್ಪಿಗೆಯೆಂದು ದಾಖಲಿಸಲಾಯಿತು.

ಮರುದಿನವೇ ಕಲಹ ದೃಢೀಕರಣ ಯೋಜನೆ ಜಾರಿಗೆ ಬಂತು. ಕಂತು ಕಟ್ಟಿದವರು ಮನೆಮಂದಿಯೊಂದಿಗೆ ಸ್ಲಾಟ್ ಪಡೆದು ಬಂದು, ಅಧಿಕಾರಿಯ ಮುಂದೆ ಮರಳು ಗಡಿಯಾರ ಖಾಲಿಯಾಗುವವರೆಗೆ ಜಗಳವಾಡಬೇಕು. ಆಡಿದವರು ಕುಟುಂಬ.

"ಅತ್ತೆ, ಗೆದ್ವಿ! ಜಗಳ ಆಡಿದ್ರೆ ಸಾಕಂತೆ!" ಎಂದು ಚೆನ್ನಾಜಿ ಓಡಿ ಬಂದಳು.

"ಅಷ್ಟೇನಾ? ನಿದ್ದೆಗಣ್ಣಲ್ಲೂ ಆಡ್ತೀವಿ ಕಣೆ."

ಅದು ಜಂಬದ ಮಾತಲ್ಲ. ಕಚೇರಿಗೆ ಹೊರಡುವ ಬೆಳಗ್ಗೆಯೂ ಹಪ್ಪಳದ ಹಿಟ್ಟಿನ ಉಪ್ಪಿನ ಮೇಲೆ ಬೀದಿಯ ನಾಯಿಗಳು ಎದ್ದು ಹೋಗುವಂಥ ಜಗಳವಾಗಿತ್ತು. ಆದರೆ ಅರಮನೆಯವರು ಒಂದನ್ನು ಮರೆತಿದ್ದರು. ಕ್ಷೇಮಾವತಿಯಲ್ಲಿ ಮನೆಜಗಳವನ್ನು ಹೊರಗಿನವರಿಗೆ ತೋರಿಸುವ ಪದ್ಧತಿಯಿಲ್ಲ. ಎಂಥ ಕಾದಾಟವಿದ್ದರೂ ಹೊಸ್ತಿಲಲ್ಲಿ ಯಾರಾದರೂ ಕಂಡರೆ "ಬನ್ನಿ ಬನ್ನಿ, ಮಜ್ಜಿಗೆ ಕುಡೀರಿ" ಎಂದು ಇಬ್ಬರೂ ಒಟ್ಟಿಗೇ ನಗುತ್ತಾರೆ.

ಪುಟ್ಟೀರಮ್ಮ ಪೆಟ್ಟಿಗೆಯ ತಳದ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅಧಿಕಾರಿ ಮರಳು ಗಡಿಯಾರ ತಿರುಗಿಸಿ, "ಹೂಂ, ಶುರು ಮಾಡಿ" ಎಂದ.

ಅತ್ತೆ ಸೆರಗು ಸರಿಮಾಡಿಕೊಂಡಳು. "ಏನಂತ ಆಡ್ಲಿ ಸ್ವಾಮಿ? ಚಿನ್ನದಂಥ ಹುಡುಗಿ."

"ಅತ್ತೆ!" ಚೆನ್ನಾಜಿ ಚಿವುಟಿದಳು. "ಬೆಳಗ್ಗೆ ಅಂದ್ರಲ್ಲ, ಉಪ್ಪು ಸುರಿದು ಸಾಯಿಸ್ತೀಯಾ ಅಂತ, ಅದನ್ನ ಹೇಳಿ."

"ಅಯ್ಯೋ, ನಾನೆಲ್ಲಿ ಅಂದೆ? ಉಪ್ಪು ಹದವಾಗೇ ಇತ್ತು."

ಮರಳು ಸುರಿಯುತ್ತಿತ್ತು. ಚೆನ್ನಾಜಿ ತಾನೇ ಧೈರ್ಯ ಮಾಡಿದಳು. "ನಮ್ಮತ್ತೆ ಬಾಯಿ ಇದೆಯಲ್ಲ ಸ್ವಾಮಿ, ಕತ್ತರಿ..." ಅಷ್ಟರಲ್ಲಿ ಅಧಿಕಾರಿ ತಲೆಯೆತ್ತಿ ನೋಡಿದ. ಹೊರಗಿನವನು. ಅವಳ ನಾಲಿಗೆ ತನ್ನಷ್ಟಕ್ಕೆ ಹೊರಳಿತು. "ಮನಸ್ಸು ಮಾತ್ರ ಬೆಣ್ಣೆ."

ಅಧಿಕಾರಿ ಷರಾ ಬರೆದ: ಪರಸ್ಪರ ಗೌರವ ಕಂಡುಬಂದಿದೆ. ಕುಟುಂಬವಲ್ಲ.

ಗಾಣದ ಬೀದಿಗೆ ಬೀದಿಯೇ ಹೀಗೆ ಅನುತ್ತೀರ್ಣವಾಯಿತು. ತಟ್ಟೆ ಎಸೆದಾಡುವ ಅಣ್ಣತಮ್ಮಂದಿರು ಅಧಿಕಾರಿಯ ಮುಂದೆ ಒಬ್ಬರ ಕಾಲಿಗೊಬ್ಬರು ಬಿದ್ದರು. ಇಡೀ ರಾಜ್ಯದಲ್ಲಿ ತೇರ್ಗಡೆಯಾದದ್ದು ಒಂದೇ ಕುಟುಂಬ, ಅದು ಮಂತ್ರಿಮಂಡಲ. ಯಾರ ಆಸನ ಸಿಂಹಾಸನಕ್ಕೆ ಹತ್ತಿರವಿರಬೇಕು ಎಂದು ಅವರು ದಿನವೂ ಪ್ರಜೆಗಳ ಎದುರೇ ಪೇಟ ಹಿಡಿದು ಕಿತ್ತಾಡುತ್ತಿದ್ದರು. ಗಡಿಯಾರದ ಮರಳು ಮುಗಿದರೂ ನಿಲ್ಲಿಸಲಿಲ್ಲ. ಅಧಿಕಾರಿ ಕಣ್ಣೊರೆಸಿಕೊಂಡು, "ಇಂಥ ಅನ್ಯೋನ್ಯ ಸಂಸಾರ ನಾನು ನೋಡಿಲ್ಲ" ಎಂದ. ಸಂಪುಟದ ಸಮಸ್ತರಿಗೂ ಹಿಂದಿನ ವರ್ಷಗಳದನ್ನೂ ಸೇರಿಸಿ ವಿನಾಯಿತಿ ಮಂಜೂರಾಯಿತು.

ಬೊಕ್ಕಸದಲ್ಲಿ ತೂತು ಬಿತ್ತು. ಅದನ್ನು ಮುಚ್ಚಲು ಕಡಿತಕೇಸರಿಯವರು, ಜಗಳದಲ್ಲಿ ಅನುತ್ತೀರ್ಣರಾದ ಮನೆಗಳ ಮೇಲೆ ಸೌಹಾರ್ದ ಸೆಸ್ ಹಾಕಿದರು. ನೆಮ್ಮದಿ ಇದೆ, ಅಂದ ಮೇಲೆ ಕೊಡಲು ಏನು ಕಷ್ಟ? ಮಹಾರಾಜರಿಗೆ 'ಕುಟುಂಬವತ್ಸಲ' ಎಂಬ ಬಿರುದಿನೊಂದಿಗೆ ಹಳೆಯ ಕಿರೀಟದ ಮೇಲೆ ಇನ್ನೊಂದು ಕಿರೀಟ ತೊಡಿಸಿದರು. ಕತ್ತು ನೋವು ಬಂತು. ವಿಮೆ ಇತ್ತು.

ಮೆರವಣಿಗೆಯ ದಿನ ಚೆನ್ನಾಜಿ, ಅತ್ತೆಯ ಕಂತಿಗೆಂದು ಎತ್ತಿಟ್ಟದ್ದನ್ನೂ ಸೇರಿಸಿ ಸೆಸ್ ಕಟ್ಟಿ, ಅತ್ತೆಯ ಕೈ ಹಿಡಿದು ಬರುತ್ತಿದ್ದಳು. ದಾರಿಯುದ್ದಕ್ಕೂ ಜಗಳ.

"ಅವತ್ತು ನಿಮ್ಮ ಬಾಯಿಗೆ ಏನು ಬಡಿದಿತ್ತು ಅತ್ತೆ? ಕಣ್ಣು ಇನ್ನೊಂದು ವರ್ಷ ಹಿಂಗೇ ಅನುಭವಿಸಿ!"

"ನಿನಗೇನು ಬಡಿದಿತ್ತೇ? ಬೆಣ್ಣೆ ಅಂತೆ, ಬೆಣ್ಣೆ!"

ಅಷ್ಟರಲ್ಲಿ ಕಹಳೆ ಮೊಳಗಿತು. ಅಂಬಾರಿಯ ಹಿಂದೆ ಕರಿಯ ನಿಲುವಂಗಿ ತೊಟ್ಟ ಮಂತ್ರಿಗಳು, ಮುಂದಿನ ಸಾಲಿಗಾಗಿ ಒಬ್ಬರನ್ನೊಬ್ಬರು ನೂಕುತ್ತ, ರೆಕ್ಕೆಯಂತೆ ತೋಳು ಬಡಿಯುತ್ತ ಬಂದರು. ಪುಟ್ಟೀರಮ್ಮ ಹಣೆಗೆ ಕೈ ಅಡ್ಡ ಹಿಡಿದು ದಿಟ್ಟಿಸಿದಳು.

"ಅಯ್ಯಯ್ಯೋ, ಇಷ್ಟೊಂದು ಬಂದಿವೆಯಲ್ಲೇ! ಹಪ್ಪಳ ಒಳಗೆ ತಗೊಂಡಿದೀಯಾ? ಹುಶ್! ಹುಶ್!"

ಚೆನ್ನಾಜಿ ಆ ಕಡೆ ಈ ಕಡೆ ನೋಡಿದಳು. ಆಮೇಲೆ ದಾರಿಯಲ್ಲಿ ಬಿದ್ದಿದ್ದ ಒಂದು ಕೋಲನ್ನು ಎತ್ತಿ, ಅತ್ತೆಯ ಕೈಗೆ ಕೊಟ್ಟಳು.