ನೀರಿನ ಗಾಡಿ ಮಾಸ್ತರ

ನಾನು ಬಾಯಿ ತೆಗೆದರೆ ಸಾಕು, ಫಜೀತಿ ಬಂದು ನನ್ನ ಮಗ್ಗಲಿಗೇ ಕೂಡತಿತ್ತು. ಅದಕ್ಕೆ ಬೇರೆ ಯಾರೂ ಸಿಗತಿದ್ದಿಲ್ಲ ಅಂತ ಕಾಣತದ. ಆಗ ನಾನು ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಮಾಸ್ತರ. ಪೆಟ್ರೋಲ್ ತುಟ್ಟಿಯಾಗಿ ಎಲ್ಲರೂ ಬೈಯಾಕತ್ತಿದ್ದ ಎಪ್ಪತ್ತರ ದಶಕ. ಒಂದು ಮಾಸಪತ್ರಿಕೆಯಲ್ಲಿ ಓದಿದೆ: ಜಲಜನಕ ಅನ್ನೋ ಗಾಳಿಯನ್ನು ಒಂದು ಡಬ್ಬಿಯೊಳಗೆ ಆಮ್ಲಜನಕದ ಜೋಡಿ ಕೂಡಿಸಿದರೆ ಕರೆಂಟ್ ಹುಟ್ಟತದ, ಆ ಕರೆಂಟಿನಿಂದ ಗಾಡಿ ಓಡತದ, ಹಿಂದಿನಿಂದ ಹೊಗೆಯ ಬದಲು ಬರೇ ನೀರು ಬರತದ. ನನಗೆ ಎಷ್ಟು ಖುಷಿ ಆಯಿತೆಂದರೆ, ಸಿಕ್ಕಸಿಕ್ಕವರ ಮುಂದೆ ಅದನ್ನೇ ಹೇಳಿಕೋತ ಹೊಂಟೆ.

ಮುಡಬಿ ಬಸ್ಸು

ಮೊದಲು ಸಿಕ್ಕವನು ಮುಡಬಿ ಬಸ್ಸಿನ ಡ್ರೈವರ್. ಅವನ ಹಿಂದಿನ ಸೀಟಿನಲ್ಲಿ ಕೂತು ಎಲ್ಲಾ ಬಿಡಿಸಿ ಹೇಳಿದೆ.

"ಹೊಗಿ ಬರಂಗಿಲ್ಲೇನ್ರಿ?" ಅಂದ.

"ಇಲ್ಲ."

"ಆವಾಜ?"

"ಅದೂ ಇಲ್ಲ. ಮೆತ್ತಗ ಹೋಗ್ತದ."

ಅವನು ಒಂದು ತಗ್ಗು ದಾಟಿಸಿ ಆಮೇಲೆ ಹೇಳಿದ: "ನಮಗ ಬ್ಯಾಡ್ರಿ ಮಾಸ್ತರ. ಬಸ್ಸಿನ ಆವಾಜ ಕೇಳಿದ ಮ್ಯಾಲೇ ಮುಡಬಿ ಮಂದಿ ಸ್ನಾನಕ್ಕ ನೀರು ಕಾಸಾಕ ಇಡ್ತಾರ. ಇದು ಮೆತ್ತಗ ಹೋದ್ರ ನಾನು ಖಾಲಿ ಬಸ್ಸು ತಿರಗಸಬೇಕಾಗ್ತದ."

ಓಣಿಯ ಮೇಲಿನ ವಿಮಾನ

ನಮ್ಮ ಪಕ್ಕದ ಮನೆಯ ಅಜ್ಜಿಗೆ ಬಸ್ಸಿನ ಹಂಗಿರಲಿಲ್ಲ. ಅವಳಿಗೆ ಬೇಕಾದದ್ದು ನೀರು. ನಮ್ಮ ಓಣಿಯ ನಳ ಬಂದರೆ ಬಂತು, ಇಲ್ಲಂದ್ರೆ ಇಲ್ಲ.

"ಆ ಗಾಡಿ ಹಿಂದ ಕೊಡ ಹಿಡದ್ರ ತುಂಬ್ತದೇನೋ?" ಅಂತ ಕೇಳಿದಳು.

"ಅಷ್ಟ ಬರಂಗಿಲ್ಲಜ್ಜಿ. ಆದ್ರ ಇದೇ ಡಬ್ಬಿ ಮುಂದ ರೈಲಿಗೂ ಹಾಕ್ತಾರ, ಹಡಗಿಗೂ ಹಾಕ್ತಾರ, ವಿಮಾನಕ್ಕೂ ಹಾಕ್ತಾರ."

ಅಜ್ಜಿಯ ಕಿವಿ ನೆಟ್ಟಗಾಯಿತು. "ವಿಮಾನದಾಗಿಂದನೂ ನೀರು ಬೀಳ್ತದ?"

"ಬೀಳ್ತದ."

"ಹಂಗಾದ್ರ ದಿನಾ ಒಂದು ನಮ್ಮ ಓಣಿ ಮ್ಯಾಲಿಂದ ಹೋಗ್ಲಿ ಅಂತ ಬರದು ಹಾಕು," ಅಂದಳು. ಒಳಗೆ ಹೋದವಳು ಮತ್ತೆ ತಿರುಗಿ ಬಂದಳು. "ನಾ ಸಂಡಿಗಿ ಒಣಗ ಹಾಕಿದ ದಿವಸ ಮಾತ್ರ ಹುಮನಾಬಾದ ಮ್ಯಾಲಿಂದ ಹೋಗಾಕ ಹೇಳು."

ಕನ್ಯಾ ನೋಡಿದ್ದು

ಹಿಂಗೆ ನನಗೆ ನೀರಿನ ಗಾಡಿ ಮಾಸ್ತರ ಅಂತ ಹೆಸರು ಬಿತ್ತು. ನೀರು ಹೊರಗೆ ಬರತದ ಅಂತ ನಾ ಹೇಳಿದ್ದು ಹುಮನಾಬಾದ ಮುಟ್ಟೋದರೊಳಗೆ ನೀರು ಹಾಕಿದರೆ ಗಾಡಿ ಓಡತದ ಅಂತ ಆಗಿತ್ತು. ನನಗೆ ಕನ್ಯಾ ಗೊತ್ತುಮಾಡಿದ್ದೂ ಹುಮನಾಬಾದಿನಲ್ಲೇ. ಹುಡುಗಿಯ ಅಪ್ಪನದು ದೊಡ್ಡ ರಸ್ತೆಗೆ ಪೆಟ್ರೋಲ್ ಪಂಪು.

"ಗಾಡಿ ಸುದ್ದಿ ಬಾಯಿ ಬಿಟ್ಟಿ ಅಂದ್ರ ನಾನು ಎದ್ದು ಹೋಗ್ತೀನಿ," ಅಂತ ನನ್ನ ಸೋದರಮಾವ ಮೊದಲೇ ತಾಕೀತು ಮಾಡಿದ್ದ. ನಾನು ತುಟಿ ಹೊಲಿದುಕೊಂಡು ಕೂತೆ. ಹುಡುಗಿ ಚಹಾ ತಂದಳು. ನೋಡಿದ ಕೂಡಲೇ ಮನಸ್ಸಿಗೆ ಬಂದಳು. ಇವಳು ಕೈತಪ್ಪಿದರೆ ಹ್ಯಾಂಗ ಅಂತ ತುಟಿ ಇನ್ನಷ್ಟು ಬಿಗಿ ಹಿಡಿದೆ.

ಅವಳ ಅಪ್ಪನೇ ಸುದ್ದಿ ತೆಗೆದ. "ನೀವು ಹೇಳೋದು ಖರೇ ಆದ್ರ ನನ್ನ ಪಂಪ ಮುಚ್ತದಲ್ರಿ. ಪಂಪ ಮುಚ್ಚಸಾಂವಗ ನಾ ಮಗಳನ್ನ ಯಾಕ ಕೊಡಬೇಕು?"

ನನ್ನ ಕೈಯಾಗಿನ ಚಹಾ ತಣ್ಣಗಾಯಿತು. ಮಾವ ಎದ್ದು ಹೋಗಾಕ ಚಪ್ಪಲಿ ಹುಡುಕಿದ. ಆಗ ಬಾಗಿಲ ಮರೆಯಿಂದ ಹುಡುಗಿ ಅಂದಳು: "ಅಪ್ಪಾ, ಅದಕ್ಕ ಹಾಕೋದು ನೀರಲ್ಲ, ಗಾಳಿ, ನಾನೂ ಓದೀನಿ. ಆ ಗಾಳಿನೂ ಎಲ್ಲ್ಯಾದ್ರೂ ತುಂಬಸಲೇಬೇಕಲ್ಲ. ಪಂಪ ಇದ್ದಲ್ಲೇ ಇರಲಿ. ಬೋರ್ಡ ಅಷ್ಟೇ ಬದಲಿ ಮಾಡು."

ಅಪ್ಪ ಆ ಬಾಗಿಲು ನೋಡಿದ, ನನ್ನ ನೋಡಿದ, ಹಣೆ ಒರೆಸಿಕೊಂಡ. "ಇನ್ನೇನು ಕೇಳೋದದ? ನಮ್ಮ ಹುಡುಗಿ ಈಗಾಗಲೇ ಅವರ ಕಡೆ ಆಗ್ಯಾಳ."

ದಿಬ್ಬಣ

ನಮ್ಮ ಕಡೆ ಒಂದು ರಿವಾಜು ಅದ. ಊರ ಹೊರಗೆ ಹೆಣ್ಣಿನವರು ಬಂದು ದಿಬ್ಬಣ ಎದುರುಗೊಂಡು, ಕಾಲಿಗೆ ನೀರು ಕೊಟ್ಟ ಮೇಲೆ ಎಲ್ಲಾ ಖರ್ಚು ಅವರದೇ. ಸೋದರಮಾವ ಇದನ್ನು ದಿಬ್ಬಣದ ಜೀಪುಗಳಿಗೂ ಹಚ್ಚಿದ. "ಪಂಪ ಇಟ್ಟ ಬೀಗರು ಇರುವಾಗ ನಾವ್ಯಾಕ ಟಾಕಿ ತುಂಬಸಬೇಕು? ಊರ ಹೊರಗ ಮುಟ್ಟೋವಷ್ಟು ಹಾಕ್ಸು, ಸಾಕು."

ಹುಮನಾಬಾದಿನ ಗಿಡಮರ ಕಣ್ಣಿಗೆ ಬಿದ್ದವು. ಅಲ್ಲಿಗೇ ಜೀಪು ಕೆಮ್ಮಿ ನಿಂತಿತು. ಹಿಂದಿನ ಜೀಪೂ ನಿಂತಿತು. ಅದಕ್ಕೂ ಅದೇ ಹಿಸಾಬಿನಲ್ಲಿ ಹಾಕಿಸಿದ್ದರು. ಅಕ್ಷತೆಯ ಹೊತ್ತು ಹತ್ತಿರ ಬರಾಕತ್ತಿತ್ತು. ಬಿಸಿಲಿನಾಗ ಬಾಸಿಂಗ ಕಟ್ಟಿಕೊಂಡು ನಾನು ಜೀಪು ನೂಕಿದೆ. ಅದು ಅಲುಗಲಿಲ್ಲ. ಮುಹೂರ್ತ ಮೀರಿದರೆ ಏನು ಗತಿ ಅಂತ ಅಳು ಬಂದಂಗಾತು.

ಎದುರುಗೊಳ್ಳಾಕ ನಿಂತಿದ್ದ ಹೆಣ್ಣಿನ ಅಪ್ಪನಿಗೆ ಯಾರೋ ಸೈಕಲ್ಲಿನವರು ಸುದ್ದಿ ಮುಟ್ಟಿಸಿದರು. ಸ್ಕೂಟರ್ ಹಿಂದೆ ಕೂತು ಬಂದೇಬಿಟ್ಟ. ಒಂದು ಕೈಯಾಗ ಪೆಟ್ರೋಲ್ ಡಬ್ಬಿ, ಇನ್ನೊಂದು ಕೈಯಾಗ ನಮ್ಮ ಕಾಲಿಗೆ ಹಾಕಾಕ ತಂದ ನೀರಿನ ಕೊಡ. ಇಳಿದು ಎರಡನ್ನೂ ಜೀಪಿನ ಮುಂದೆ ಇಟ್ಟ.

"ಅಳಿಯಂದ್ರ, ಎರಡೂ ತಂದೀನಿ. ಯಾವುದು ಹಾಕ್ಲಿ?"

ದಿಬ್ಬಣದವರೆಲ್ಲಾ ನನ್ನ ಬಾಯಿ ನೋಡಾಕತ್ತರು.

"ಪೆಟ್ರೋಲ್ ಹಾಕ್ರಿ," ಅಂದೆ ಸಣ್ಣಗೆ.

"ಜರಾ ಜೋರ ಹೇಳ್ರಿ. ಹಿಂದಿನ ಜೀಪಿನವರಿಗೆ ಕೇಳಿಲ್ಲ."

"ಪೆಟ್ರೋಲ್ ರೀ!" ಅಂತ ಒದರಿದೆ. ಮಂದಿ ಹೊಟ್ಟೆ ಹಿಡಕೊಂಡು ನಕ್ಕರು. ನನ್ನ ಸೋದರಮಾವ ಎಲ್ಲರಿಗಿಂತ ಹೆಚ್ಚು ನಕ್ಕ.

ಹೆಂಗೋ ಹೊತ್ತಿಗೆ ಮಂಟಪ ಮುಟ್ಟಿದೆವು. ನನ್ನ ಮತ್ತು ಅವಳ ನಡುವೆ ಅಂತರಪಟ ಹಿಡಿದರು. ಬದುಕಿದೆ ಅಂತ ಉಸಿರು ಬಿಟ್ಟೆ. ಮಂತ್ರದ ನಡುವೆ ಅರಿವೆಯ ಆ ಕಡೆಯಿಂದ ಸಣ್ಣ ದನಿಯೊಂದು ಕೇಳಿತು:

"ಮತ್ತ, ಬೋರ್ಡ ಸದ್ಯಕ್ಕ ಇದ್ದಂಗೇ ಇರಲಿ ಅಲ್ರಿ?"