ಊರಿಗೇ ಬಂದ ಕೆಮ್ಮು

ಉರ್ಸುಲಾ ಕಿಟಕಿ ತೆರೆಯದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ವರ್ಜೀನಿಯಾದಲ್ಲಿ ಹುಟ್ಟಿ ಬೆಳೆದವಳಿಗೆ ಅಡುಗೆಯ ವಾಸನೆ ಹೆಚ್ಚಾದರೆ ಕಿಟಕಿ ತೆರೆಯುವುದೊಂದೇ ಗೊತ್ತು. ಅವಳ ತವರಿನಲ್ಲಿ ಕಿಟಕಿಯಿಂದ ಹೊರಟ ವಾಸನೆ ಹೊಗೆಸೊಪ್ಪಿನ ಹೊಲಗಳನ್ನೆಲ್ಲ ದಾಟಿ, ನದಿಗಿಳಿದು, ಯಾರ ಮೂಗಿಗೂ ಸಿಗದೆ ಸಮುದ್ರ ಸೇರುತ್ತಿತ್ತು. ಪಕ್ಕದ ಮನೆ ಅಂದರೆ ಅಲ್ಲಿ ದೋಣಿಯಲ್ಲಿ ಅರ್ಧ ದಿನದ ದಾರಿ. ಮ್ಯಾಸಚೂಸೆಟ್ಸಿನ ಈ ಊರಿನಲ್ಲಾದರೋ ಮನೆಗಳೆಲ್ಲ ಚಳಿಗೆ ಮುದುಡಿದ ಕುರಿಗಳ ಹಾಗೆ ಪ್ರಾರ್ಥನಾ ಮಂದಿರದ ಸುತ್ತ ಮೈಗೆ ಮೈ ತಾಗಿಸಿ ನಿಂತಿದ್ದವು. ಉರ್ಸುಲಾಳ ಕಿಟಕಿಯಿಂದ ಹೊರಟ ವಾಸನೆ ಮೆಟ್ಟಿಲಿಳಿಯುವ ಶ್ರಮವನ್ನೂ ತೆಗೆದುಕೊಳ್ಳದೆ ನೆಟ್ಟಗೆ ಪಕ್ಕದ ಮನೆಯ ಮೆಹಿಟಬೆಲಕ್ಕನ ಮೂಗಿನೊಳಗೆ ಹೋಯಿತು.

ಅವತ್ತು ಬೇರೆ ಡಿಸೆಂಬರ್ ಇಪ್ಪತ್ತೈದು. ಹದಿನೇಳನೆಯ ಶತಮಾನದ ಆ ಕಾಲದಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಈ ಸೀಮೆಯಲ್ಲಿ ದಂಡ. ಬೈಬಲಿನಲ್ಲಿ ಹೇಳದ ಹಬ್ಬ ಸೈತಾನನ ಹಬ್ಬ ಎಂದು ಹಿರಿಯರು ತೀರ್ಮಾನಿಸಿ ಆಗಿತ್ತು. ತಮಗೆ ಹಬ್ಬವಿಲ್ಲವೆಂದು ತೋರಿಸಿಕೊಳ್ಳಲು ಅಂದು ಊರೆಲ್ಲ ಬೇರೆ ದಿನಕ್ಕಿಂತ ಹೆಚ್ಚು ಸದ್ದು ಮಾಡಿಕೊಂಡು ಕೆಲಸ ಮಾಡುತ್ತಿತ್ತು. ಕುಲುಮೆಯಲ್ಲಿ ಕಬ್ಬಿಣ ಮುಗಿದ ಮೇಲೂ ಕಮ್ಮಾರನ ಸುತ್ತಿಗೆ ನಿಂತಿರಲಿಲ್ಲ.

ಉರ್ಸುಲಾಳ ಗಂಡ ಓಬದ್ಯನಿಗೆ ಪೀಪಾಯಿ ಕಟ್ಟುವ ಕಸುಬು. ಹೊಗೆಸೊಪ್ಪಿನ ಪೀಪಾಯಿ ಮಾರಲು ದಕ್ಷಿಣಕ್ಕೆ ಹೋದವನು ಅಲ್ಲಿ ಜ್ವರ ಬಂದು ಮಲಗಿ, ಗಂಜಿ ಕುಡಿಸಿದವಳನ್ನೇ ಕಟ್ಟಿಕೊಂಡು ಬಂದಿದ್ದ. ಬೆಳಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದ: "ನೋಡು ಉರ್ಸುಲಾ, ಇವತ್ತೂ ನಿನ್ನೆ ಹಾಗೇ ಒಂದು ದಿನ. ರಾಟೆ ಕಿಟಕಿ ಹತ್ರ ಇಟ್ಕೊಂಡು ನೂಲು. ನಾಲ್ಕು ಜನ ನೋಡ್ಲಿ. ಬರೋ ಭಾನುವಾರ, ಸಬ್ಬತ್ ದಿನ, ನನ್ನ ಡೀಕನ್ ಮಾಡಿ ಸಭೆ ಉಸ್ತುವಾರಿ ಕೊಡೋ ಮಾತು ನಡೀತಿದೆ. ಏನಾದ್ರೂ ಎಡವಟ್ಟಾದ್ರೆ ಇಬ್ಬರೂ ಸಭೆ ಮುಂದೆ ತಲೆ ತಗ್ಗಿಸಿ ನಿಲ್ಬೇಕಾಗತ್ತೆ."

"ನಾನೇನ್ ಮಾಡ್ತೀನಿ?" ಅಂದಳು ಉರ್ಸುಲಾ. ಆಗ ಅವಳ ಕೈ ಹಿಟ್ಟಾಗಿತ್ತು.

ಅವಳಿಗೆ ಹಬ್ಬವೇನೂ ಬೇಕಿರಲಿಲ್ಲ. ತವರಿನ ಪಿಟೀಲು, ಬಾಗಿಲಲ್ಲಿ ಹಾರಿಸುವ ಬಂದೂಕು, ಗುರುತಿಲ್ಲದವರೂ ದೋಣಿ ಇಳಿದು ಬಂದು ಊಟಕ್ಕೆ ಕೂರುವ ಗದ್ದಲ, ಎಲ್ಲವನ್ನೂ ಬಿಟ್ಟೇ ಬಂದಿದ್ದಳು. ಅವ್ವ ಈ ದಿನ ಮಾಡುತ್ತಿದ್ದ ಪೈ ಮಾತ್ರ ಮನಸ್ಸು ಬಿಟ್ಟು ಹೋಗಿರಲಿಲ್ಲ. ಕೊಚ್ಚಿದ ಮಾಂಸ, ಒಣದ್ರಾಕ್ಷಿ, ಸೇಬು, ಚಕ್ಕೆ, ಲವಂಗ, ಮೇಲೊಂದಿಷ್ಟು ಬ್ರಾಂದಿ ಹಾಕಿದ ಹೂರಣ, ಸುತ್ತ ಹಿಟ್ಟಿನ ಹೊದಿಕೆ. ಒಂದು ತುಂಡು ಸಾಕು. ಬಾಗಿಲು ಹಾಕಿಕೊಂಡು, ಒಬ್ಬಳೇ ಕೂತು, ಒಂದೇ ಒಂದು ತುಂಡು.

ಪೈ ಒಲೆಯಿಂದ ಇಳಿದಿತ್ತಷ್ಟೆ, ಬಾಗಿಲು ಬಡಿದ ಸದ್ದಾಯಿತು. ಉರ್ಸುಲಾ ಗಾಬರಿಯಿಂದ ಅದನ್ನು ಉಣ್ಣೆಯ ಬುಟ್ಟಿಯೊಳಗೆ ತುರುಕಿದಳು.

"ನಮ್ಮನೆ ಒಲೆ ಆರಿಹೋಯ್ತು ಕಣೇ. ಒಂಚೂರು ಕೆಂಡ ಕೊಡು," ಎನ್ನುತ್ತಾ ಮೆಹಿಟಬೆಲಕ್ಕ ಒಳಗೆ ಬಂದಳು. ಅವಳ ಬೆನ್ನ ಹಿಂದೆ, ಕಿಟಕಿಯಾಚೆ, ಅವಳ ಮನೆಯ ಹೊಗೆಗೂಡು ಮದುವೆಮನೆಯ ಹಾಗೆ ಹೊಗೆ ಬಿಡುತ್ತಿತ್ತು. "ಅದೇನೇ ವಾಸನೆ?"

"ಔಷಧಿ ಅಕ್ಕಾ. ನಮ್ಮವ್ರಿಗೆ ಕೆಮ್ಮು."

"ಓಬದ್ಯಂಗಾ? ನಿನ್ನೆ ಕೀರ್ತನೆ ಹೇಳ್ವಾಗ ಗೂಳಿ ಹಾಗೆ ಗುಟುರು ಹಾಕ್ತಿದ್ನಲ್ಲೇ!"

"ಅದಕ್ಕೇ ಬಂದಿದ್ದು."

ಅಷ್ಟರಲ್ಲಿ ಬುಟ್ಟಿಯಿಂದ ಸುಟ್ಟ ಉಣ್ಣೆಯ ಕಮಟು ಎದ್ದಿತು. ಮೆಹಿಟಬೆಲಕ್ಕ ಬಗ್ಗಿ ಪೈಯನ್ನು ಎತ್ತಿ ಮೇಜಿನ ಮೇಲಿಟ್ಟಳು. "ನಿಮ್ ಕಡೆ ಔಷಧಿಗೆ ಹಿಟ್ಟಿನ ಮುಚ್ಚಳಾನೂ ಹಾಕ್ತಾರಾ?"

"ಹಾಕ್ತಾರಕ್ಕಾ. ಖಾರ ಹಾರಿಹೋಗ್ಬಾರ್ದಲ್ಲ."

ಮೆಹಿಟಬೆಲಕ್ಕ ಪೈಯನ್ನು ನೋಡಿದಳು, ಬಾಗಿಲನ್ನು ನೋಡಿದಳು. ಆಮೇಲೆ ಮೆಲ್ಲಗೆ, ಬೀಗ ಹಾಕಿದೆಯೋ ಇಲ್ಲವೋ ಎಂದು ಕದ ತಳ್ಳಿ ನೋಡುವವರ ಹಾಗೆ, ಒಂದು ಸಲ ಕೆಮ್ಮಿದಳು. "ನಂಗೂ ಯಾಕೋ ಎದೆ ಕಟ್ಟಿದ ಹಾಗಿದೆ ಕಣೇ."

ಉರ್ಸುಲಾ ಒಂದು ತುಂಡು ಕತ್ತರಿಸಿ ಕೊಟ್ಟಳು. ಬಾಯಿಗಿಟ್ಟ ಮೆಹಿಟಬೆಲಕ್ಕ ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ. "ಸಮುದ್ರದಾಚೆ ಡೆವನ್ನಲ್ಲಿ ನಮ್ಮಜ್ಜಿ ಇದೇ ಔಷಧಿ ಮಾಡೋಳು. ಚಳಿಗಾಲದಲ್ಲಿ ಒಂದೇ ಒಂದು ದಿನ. ಮಕ್ಕಳೆಲ್ಲ ಒಲೆ ಸುತ್ತ ಕೂತು..." ರೆಪ್ಪೆ ಒದ್ದೆಯಾಗಿತ್ತು. ಉರ್ಸುಲಾಳಿಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು. ಆದರೆ ಇಲ್ಲಿಯ ಹೆಂಗಸರು ಅಂಥದ್ದನ್ನೆಲ್ಲ ಪೆಟ್ಟಿಗೆಯ ತಳದಲ್ಲಿಟ್ಟು ಮೇಲೆ ಕಂಬಳಿ ಮಡಚಿಟ್ಟವರು. ಮೆಹಿಟಬೆಲಕ್ಕ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯಲ್ಲಿ ಬಾಯಿ ಒರೆಸಿಕೊಂಡು, "ಥೂ, ಕಹಿ! ಎಷ್ಟೇ ಆದ್ರೂ ಔಷಧಿ ಔಷಧೀನೇ," ಅಂದಳು.

"ಯಾರಿಗೂ ಹೇಳ್ಬೇಡಿ ಅಕ್ಕಾ."

"ನಾನ್ಯಾರಿಗೇ ಹೇಳ್ಲಿ?"

ಅವಳು ಹೇಳಿದ್ದು ಎದುರು ಮನೆಯ ಸೈಲೆನ್ಸ್‌ಗೆ ಮಾತ್ರ. ಮಗಳು ಮಿತಭಾಷಿಯಾಗಲೆಂದು ಅಪ್ಪ ಅಮ್ಮ ಇಟ್ಟ ಹೆಸರು ಅದು. ಹೆಸರೊಂದು ಬಿಟ್ಟರೆ ಅವಳಲ್ಲಿ ಮೌನ ಎಂಬುದು ಎಲ್ಲೂ ಇರಲಿಲ್ಲ. ಸೈಲೆನ್ಸ್‌ಗೆ ಹೇಳುವುದೂ ಒಂದೇ, ಊರ ಡೋಲು ಬಡಿಯುವುದೂ ಒಂದೇ.

"ಅಯ್ಯೋ ಉರ್ಸುಲಾ, ರಾತ್ರಿಯೆಲ್ಲ ಕೆಮ್ಮು ಕಣೇ! ನಮ್ಮತ್ತೆಗಂತೂ ಕೇಳ್ಬೇಡ. ಕೆಮ್ಮಿ ಅತ್ತೆ, ಕೆಮ್ಮಿ!" ಎಂದು ಅವಳು ಬೀದಿಯಿಂದಲೇ ಕೂಗುತ್ತ ಬಂದಳು. ಕಿವಿ ಕೇಳದ ಅತ್ತೆ ಗಲ್ಲ ಅಲ್ಲಾಡಿಸಿ ನಕ್ಕಿತು. ಅವರ ಹಿಂದೆ ನೇಕಾರನ ಹೆಂಡತಿ, ಅವಳ ಹಿಂದೆ ಅವಳ ತಂಗಿ, ಆಮೇಲೆ ಸುತ್ತಿಗೆ ಕೆಳಗಿಟ್ಟ ಕಮ್ಮಾರ. ಒಬ್ಬರದು ಬಾತುಕೋಳಿಯ ಕೆಮ್ಮು, ಒಬ್ಬರದು ಕೀಲು ತುಕ್ಕು ಹಿಡಿದ ಬಾಗಿಲಿನ ಕೆಮ್ಮು. ಕಮ್ಮಾರ ಕೆಮ್ಮುವುದನ್ನು ಮರೆತು ನೇರವಾಗಿ ಕೈಚಾಚಿದ. ಸೈಲೆನ್ಸ್ ಪಕ್ಕೆಗೆ ತಿವಿದ ಮೇಲೆ ಕೆಮ್ಮಿದ.

ಇಲ್ಲ ಅನ್ನಬಹುದಿತ್ತು. ಈ ಊರಿನಲ್ಲಿ ಎಲ್ಲರೂ ಸಲೀಸಾಗಿ ಹಾಗೆ ಅನ್ನುತ್ತಾರೆ. ಹೊರಗಿನವನೊಬ್ಬ ಬಂದು ಉಳಿದರೆ ಪಂಚರು ಕೂತು ಅವನನ್ನು ಊರ ಗಡಿ ದಾಟಿಸುತ್ತಾರೆ. ಆದರೆ ಬಾಗಿಲಿಗೆ ಬಂದವರನ್ನು ಬರಿಬಾಯಲ್ಲಿ ಕಳಿಸಿದರೆ ಮನೆತನಕ್ಕೇ ಕೇಡು ಎಂದು ಕಲಿತ ತವರಿನ ಕೈ ಉರ್ಸುಲಾಳದು. ಹೊಟ್ಟೆಯಲ್ಲಿ ಅಳುತ್ತಾ, ಬಾಯಲ್ಲಿ "ಇನ್ನೊಂಚೂರು ತಗೊಳ್ಳಿ, ಎದೆಗೆ ಒಳ್ಳೇದು" ಎನ್ನುತ್ತಾ ಕತ್ತರಿಸಿದಳು, ಬಡಿಸಿದಳು. ಯಾರೂ ನೋಡದಾಗ ಒಂದು ತುಂಡನ್ನು ಉಪ್ಪಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಕಾನ ಬಂದ. ಊರಿನ ನಡತೆ ಕಾಯುವ ಅಧಿಕಾರ ಅವನದು. ಪ್ರಾರ್ಥನೆಯಲ್ಲಿ ತೂಕಡಿಸಿದವರ ತಲೆಗೆ ಕುಟ್ಟುವ ಉದ್ದನೆ ಕೋಲು ಕೈಯಲ್ಲೇ ಇತ್ತು. ಅವನನ್ನು ನೋಡಿದ್ದೇ ಎಲ್ಲರೂ ಹಿಂಬಾಗಿಲಿನಿಂದ ಮಾಯವಾದರು. ಉರ್ಸುಲಾಳ ಕಣ್ಣ ಮುಂದೆ ಗಂಡನ ಡೀಕನ್ ಪದವಿ ಪೀಪಾಯಿಯ ಹಾಗೆ ಇಳಿಜಾರಿನಲ್ಲಿ ಉರುಳಿತು.

"ಏನಮ್ಮಾ, ಇಲ್ಲೇನೋ ಔಷಧಿ ಹಂಚ್ತಿದ್ದೀಯಂತೆ?" ಉಳಿದಿದ್ದ ಅರ್ಧ ಪೈಯನ್ನು ಕೋಲಿನ ತುದಿಯಿಂದ ಮುಟ್ಟಿದ. "ಇದ್ಯಾಕೆ ಯೇಸು ಹುಟ್ಟಿದಾಗ ಮಲಗಿಸಿದ ಗೋದಲಿ ಆಕಾರದಲ್ಲಿದೆ?"

"ಗೋದಲಿ ಅಲ್ಲ ಯಜಮಾನ್ರೇ, ಪೀಪಾಯಿ. ಉದ್ದಕ್ಕೆ ಸೀಳಿದ ಪೀಪಾಯಿ. ಗಂಡನ ಕಸುಬಿಗೆ ಮರ್ಯಾದೆ ಅಂತ."

"ಹೂಂ. ನಿಮ್ ಕಡೆಯವ್ರನ್ನ ನಂಬೋ ಹಾಗಿಲ್ಲ. ಸಬ್ಬತ್ ದಿನಾನೇ ಕುದುರೆ ಓಡ್ಸೋರು ನೀವು. ಪರೀಕ್ಷೆ ಮಾಡ್ಬೇಕು."

ಪರೀಕ್ಷೆ ಮಾಡಿದ. ಒಂದು ಸಲಕ್ಕೆ ಗೊತ್ತಾಗಲಿಲ್ಲವೆಂದು ಇನ್ನೊಮ್ಮೆ ಮಾಡಿದ. ನ್ಯಾಯದ ವಿಷಯದಲ್ಲಿ ಆತುರ ಕೂಡದೆಂದು ತಟ್ಟೆ ಖಾಲಿಯಾಗುವ ತನಕ ಮಾಡಿದ. ಗಡ್ಡದಲ್ಲಿ ಸಿಕ್ಕಿದ ದ್ರಾಕ್ಷಿಯನ್ನೂ ಬಿಡದೆ ಹೆಕ್ಕಿ ತಿಂದು, "ಔಷಧೀನೇ," ಎಂದು ತೀರ್ಪು ಕೊಟ್ಟ.

ಉರ್ಸುಲಾ ಉಸಿರು ಬಿಟ್ಟಳು.

"ಆದ್ರೆ ಬೆಳಗ್ಗೆಯಿಂದ ಇಷ್ಟು ಮನೆಗೆ ಕೆಮ್ಮು ಬಂದಿದೆ ಅಂದ್ರೆ ಇದು ಸಾಮಾನ್ಯ ಅಲ್ಲ. ದೇವರ ಕೋಪ! ಬೋಧಕರಿಗೆ ಹೇಳ್ಬೇಕು," ಎಂದು ಕೋಲು ಊರಿಕೊಂಡು ಹೊರಟೇಹೋದ.

ಹೋಗಲಿ. ಉರ್ಸುಲಾ ಬಾಗಿಲ ಅಗುಳಿ ಹಾಕಿದಳು. ಈ ಸಲ ಕಿಟಕಿಯನ್ನೂ ಮುಚ್ಚಿದಳು. ಉಪ್ಪಿನ ಪೆಟ್ಟಿಗೆ ತೆರೆದು, ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಒಲೆಯ ಮುಂದೆ ಕೂತಳು. ಅವ್ವನನ್ನು ನೆನೆದು ಬಾಯಿ ತೆರೆದಳು.

ಡಂ ಡಂ ಎಂದು ಊರ ಡೋಲು ಬಡಿಯಿತು. ಬಾಗಿಲೂ ಬಡಿಯಿತು. ಅಗುಳಿ ತೆಗೆದರೆ ಏದುಸಿರು ಬಿಡುತ್ತಾ ಓಬದ್ಯ ನಿಂತಿದ್ದ.

"ಕೇಳಿದ್ಯಾ? ಊರಿಗೇ ಕೆಮ್ಮಿನ ಪಿಡುಗು ಬಂದಿದೆಯಂತೆ! ಸೂರ್ಯ ಮುಳುಗಿದ ಕೂಡ್ಲೇ ಎಲ್ರಿಗೂ ಉಪವಾಸ, ನಾಳೆ ದಿನವಿಡೀ ಪ್ರಾರ್ಥನೆ. ನೀನು ಎಂಥದೋ ಔಷಧಿ ಕೊಟ್ಟೆಯಂತಲ್ಲ, ಊರೆಲ್ಲ ಹೊಗಳ್ತಿದೆ! ನನ್ನ ಪದವಿ ಗಟ್ಟಿ ಆಯ್ತು ಅನ್ಕೋ." ಅವನ ಕಣ್ಣು ಅವಳ ಅಂಗೈ ಮೇಲೆ ಬಿತ್ತು. "ಸದ್ಯ, ಇನ್ನೂ ಉಳಿದಿದೆ! ಬೋಧಕರು ಕೇಳಿ ಕಳ್ಸಿದಾರೆ. ನಾಳೆ ಅಷ್ಟು ಹೊತ್ತು ಬೋಧನೆ ಮಾಡ್ಬೇಕಲ್ಲ, ಪಾಪ, ಗಂಟಲು ಕಟ್ಕೊಂಡ್ರೆ?"

ಅವಳು ಏನಾದರೂ ಹೇಳುವ ಮೊದಲೇ ತುಂಡು ಬಿಳಿ ಬಟ್ಟೆಯೊಳಗೆ ಸೇರಿ ಬೀದಿಗಿಳಿದಿತ್ತು. ಉರ್ಸುಲಾ ಬೆರಳು ಮೂಸಿ ನೋಡಿಕೊಂಡಳು. ಲವಂಗದ ವಾಸನೆ ಇತ್ತು, ಅಷ್ಟೆ. ಹೊರಗೆ ಸೂರ್ಯ ಮುಳುಗಿದ.

ಮರುದಿನ ಪ್ರಾರ್ಥನಾ ಮಂದಿರದಲ್ಲಿ ಊರಿಗೆ ಊರೇ ಸೇರಿತ್ತು. ಅಲ್ಲಿ ಒಲೆಯಿಲ್ಲ, ಕೆಂಡವಿಲ್ಲ, ಉಸಿರು ಬಾಯಿಂದ ಹೊರಬಂದದ್ದೇ ಹೆಪ್ಪುಗಟ್ಟುವಷ್ಟು ಚಳಿ. ಬೋಧಕರ ಗಂಟಲು ಜೇನು ಸವರಿದ ಹಾಗಿತ್ತು. ಬೆಳಗಿನಿಂದ ಒಬ್ಬರಾದರೂ ಕೆಮ್ಮಲಿಲ್ಲ. ಕೊನೆಗೆ, ದೇವರು ಪ್ರಾರ್ಥನೆಗೆ ಒಲಿದಿದ್ದಾನೆ, ಉಪವಾಸ ಇಂದಿಗೆ ಸಾಕು ಎಂದು ಹೇಳಿ ಅವರು ಬೈಬಲ್ ಮುಚ್ಚಲು ಕೈ ಚಾಚಿದರು. ಊರಿನ ಹೊಟ್ಟೆಗಳೆಲ್ಲ ಒಟ್ಟಿಗೆ ಗುಡುಗಿದವು.

ಆಗ ಹೆಂಗಸರ ಸಾಲಿನ ಹಿಂದಿನ ಬೆಂಚಿನಿಂದ ಒಂದು ಕೆಮ್ಮು ಬಂತು. ಬಾತುಕೋಳಿಯದಲ್ಲ, ಬಾಗಿಲಿನದಲ್ಲ, ಇಂಥ ಚಳಿಯನ್ನು ಹುಟ್ಟಿದಾಗಿನಿಂದ ಕಾಣದ ವರ್ಜೀನಿಯಾದ ಎದೆಯೊಳಗಿಂದ ಕಿತ್ತುಕೊಂಡು ಬಂದ ಅಪ್ಪಟ ಕೆಮ್ಮು. ಉರ್ಸುಲಾ ಬಾಯಿಗೆ ಕೈ ಒತ್ತಿಕೊಂಡಳು. ಮತ್ತೆ ಬಂತು.

ಬೋಧಕರು ಬೈಬಲನ್ನು ಮತ್ತೆ ತೆರೆದರು. "ಪಿಡುಗು ಇನ್ನೂ ಊರು ಬಿಟ್ಟಿಲ್ಲ. ಉಪವಾಸ ನಾಳೆಗೂ ನಡೆಯಲಿ."

ಇಡೀ ಊರು ತಿರುಗಿ ಅವಳನ್ನು ನುಂಗುವ ಹಾಗೆ ನೋಡಿತು. ಗಂಡಸರ ಸಾಲಿನಲ್ಲಿ ಓಬದ್ಯ ಕಣ್ಣು ಮುಚ್ಚಿಕೊಂಡ. ಪಕ್ಕದಲ್ಲಿದ್ದ ಮೆಹಿಟಬೆಲಕ್ಕ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು:

"ಎಂಥ ಹೆಂಗಸೇ ನೀನು! ಅಷ್ಟೊಂದು ಔಷಧಿ ಮಾಡಿದ್ಯಲ್ಲ, ನಿಂಗೆ ಅಂತ ಒಂದು ತುಂಡು ಎತ್ತಿಟ್ಕೊಳ್ಳಕ್ಕೆ ಆಗ್ಲಿಲ್ವಾ?"