ಹುರುಳಿ ಯಾರ ಹೊಟ್ಟೆಗೆ?

ಪುತ್ತೂರಿನ ಒಂದು ಸಣ್ಣ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಬಂದವರಿಗೆ ಏನು ತಿನ್ನಬೇಕೆಂದು ಹೇಳುವುದು ನನ್ನ ಕೆಲಸ. ವಾರಕ್ಕೊಮ್ಮೆ ಸುಳ್ಯ, ಶನಿವಾರ ಕಡಬ. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಜನ ನನ್ನನ್ನು ‘ಪಥ್ಯದ ಡಾಕ್ಟ್ರು’ ಎಂದೇ ಕರೆಯುತ್ತಾರೆ. ಪಥ್ಯ ಎಂದರೆ ನಮ್ಮ ಕಡೆ ಬಿಡುವ ವಿಷಯ. ಹುಳಿ ಬಿಡಬೇಕು, ಖಾರ ಬಿಡಬೇಕು, ಮೀನು ಬಿಡಬೇಕು. ನಾನೋ, ತಿನ್ನಿ ತಿನ್ನಿ ಎನ್ನುವವಳು. ಹಾಗಾಗಿ ನಾನು ಹೇಳುವುದೊಂದು, ಅವರು ಕೇಳಿಸಿಕೊಳ್ಳುವುದೊಂದು, ಮನೆಗೆ ಹೋಗಿ ಬೇಯಿಸುವುದು ಮತ್ತೊಂದು. ‘ರಾತ್ರಿ ಎಂತ ತಿನ್ನುದು?’ ಎಂಬ ಒಂದೇ ಪ್ರಶ್ನೆಯಿಂದ ಇಷ್ಟು ವರ್ಷ ನನ್ನ ಹೊಟ್ಟೆಪಾಡೂ ನಡೆದಿದೆ, ನಗುವೂ ನಡೆದಿದೆ.

ಇಂಥವು ಹೆಚ್ಚಾಗಿ ನಡೆಯುವುದು ಮಳೆ ಹಿಂದೆ ಸರಿದು, ನವರಾತ್ರಿ ಮುಗಿದು, ದೀಪಾವಳಿ ಹತ್ತಿರವಾಗುವ ಹೊತ್ತಿಗೆ. ಸಂಜೆ ಗುಡುಗು, ಬೆಳಿಗ್ಗೆ ಮಂಜು. ಮಳೆಗಾಲವಿಡೀ ಜ್ವರದಲ್ಲಿ ಮಲಗಿ ಸೊರಗಿದವರೆಲ್ಲ ಆಗ ಎದ್ದು ಬರುತ್ತಾರೆ. ಎಲ್ಲರಿಗೂ ರಾತ್ರಿಗೆ ಬಿಸಿ ಬಿಸಿ ಗಂಜಿಯೇ ಬೇಕು. ನನಗೂ ಅದೇ ಬೇಕು, ಸುಳ್ಳು ಯಾಕೆ ಹೇಳಲಿ. ಗಂಜಿ ಬಿಡಿಸಲು ನಾನು ಹೋಗುವುದಿಲ್ಲ. ಆದರೆ ಅದು ಒಂಟಿಯಾಗಿ ಹೊಟ್ಟೆಗೆ ಇಳಿಯಬಾರದು, ಜೊತೆಗೆ ಕಾಳೋ ಮೊಟ್ಟೆಯೋ ಮೀನೋ ಇರಲಿ, ಮೈಗೆ ಪ್ರೋಟೀನ್ ಸೇರಲಿ ಎನ್ನುತ್ತೇನೆ.

ಕೋಣಗಳ ಯಜಮಾನರು

ಕಾಣಿಯೂರು ಕಡೆಯಿಂದ ಗಂಡ ಹೆಂಡತಿ ಬಂದರು. ಗಂಡನಿಗೆ ಅರವತ್ತು ದಾಟಿದೆ. ಕಂಬಳಕ್ಕೆ ಓಡಿಸುವ ಒಂದು ಜೊತೆ ಕೋಣ ಸಾಕಿದ್ದಾರೆ. ಮಳೆಗಾಲದಲ್ಲಿ ಬಂದ ಜ್ವರ ಅವರ ಮೈಯ ಮಾಂಸವನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಕ್ಲಿನಿಕ್ಕಿನ ಮೆಟ್ಟಿಲನ್ನು ಹೆಂಡತಿಯ ಹೆಗಲು ಹಿಡಿದು ಹತ್ತಿದ್ದರು.

ಅವರ ಚಿಂತೆ ಮೈಯದ್ದಲ್ಲ. ಕಂಬಳ ಶುರುವಾಗುವ ಕಾಲ ಬಂತು. ಮೊದಲ ಕಂಬಳದಲ್ಲಿ ಕೋಣಗಳನ್ನು ಹಗ್ಗ ಹಿಡಿದು ಗದ್ದೆಗೆ ಇಳಿಸುವುದು ಅಪ್ಪನ ನಂತರ ಅವರೇ. ಈ ಸಲ ತಂಗಿಯ ಮಗ ಬಂದು, ಮಾವ ನೀವು ಕುರ್ಚಿಯಲ್ಲಿ ಕೂತು ನೋಡಿ, ನಾನು ಹಿಡಿಯುತ್ತೇನೆ ಎಂದನಂತೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಕುರ್ಚಿಯ ಮಾತು ಅವರಿಗೆ ಜ್ವರಕ್ಕಿಂತ ಹೆಚ್ಚು ತಾಗಿತ್ತು. ನನ್ನ ಎದುರು ಕೂತದ್ದೂ ಕುರ್ಚಿಯಲ್ಲೇ ಆದ್ದರಿಂದ ಅದರ ಕೈಯನ್ನು ಒಮ್ಮೆ ಸಿಟ್ಟಿನಿಂದ ನೋಡಿದರು.

ರಾತ್ರಿ ಎಂತ ತಿನ್ನುದು ಎಂದು ಕೇಳಿದೆ. ಗಂಜಿ ಎಂದರು. ಜೊತೆಗೆ? ಉಪ್ಪಿನಕಾಯಿ. ಮತ್ತೆ? ಮತ್ತೆಂತ, ಇನ್ನೊಂದು ಉಪ್ಪಿನಕಾಯಿ. ಸರಿ, ಕೋಣಗಳಿಗೆ ಏನು ಕೊಡುತ್ತೀರಿ ಎಂದದ್ದೇ ತಡ, ಮುಖ ಅರಳಿತು. ಬೇಯಿಸಿದ ಹುರುಳಿ, ಬೂದುಕುಂಬಳ, ತೌಡು, ಮೈಗೆ ಎಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ. ಹೇಳಿ ಮುಗಿಸಲು ಅವರಿಗೆ ಸಾಕಷ್ಟು ಹೊತ್ತು ಬೇಕಾಯಿತು.

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡು, “ನಮ್ಮ ಮನೆಯಲ್ಲಿ ಹುಟ್ಟುದಾದ್ರೆ ಕೋಣವಾಗಿಯೇ ಹುಟ್ಟಬೇಕು ಮೇಡಂ,” ಎಂದರು.

ನಾನು ನಕ್ಕು, ಹಾಗಾದರೆ ದಿನಾ ರಾತ್ರಿ ಗಂಜಿಯ ಜೊತೆ ಇವರಿಗೂ ಹುರುಳಿ ಇರಲಿ ಎಂದೆ. ಅದಕ್ಕೇನು, ಹುರುಳಿ ಮನೆಯಲ್ಲಿ ದಿನಾ ಬೇಯುತ್ತದೆ ಎಂದು ಅವರು ಒಪ್ಪಿಕೊಂಡರು. ಇಷ್ಟು ಸುಲಭದಲ್ಲಿ ಮುಗಿದ ಕೇಸು ಇನ್ನೊಂದಿಲ್ಲ ಎಂದುಕೊಂಡೆ.

ಊಟ ಬಿಟ್ಟವರು

ಅದೇ ವಾರ ಸುಳ್ಯದಲ್ಲಿ ಒಬ್ಬ ಅಮ್ಮ ಮಗನ ಜೊತೆ ಬಂದರು. ಸಕ್ಕರೆ ಕಾಯಿಲೆ. ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಾರೆ, ಆದರೂ ಸಕ್ಕರೆ ಇಳಿಯುವುದಿಲ್ಲ. ರಾತ್ರಿ ಎಂತ ತಿನ್ನುದು ಎಂದರೆ, ರಾತ್ರಿ ಊಟ ಬಿಟ್ಟು ವರ್ಷವಾಯಿತು ಎಂದರು. ಏನೂ ಇಲ್ಲವಾ? ಏನೂ ಇಲ್ಲ. ಹಸಿದ ಹೊಟ್ಟೆಯಲ್ಲಿ ಮಲಗುತ್ತಾರಲ್ಲ ಎಂದು ನನ್ನ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡೆ. ಹಾಗೆ ಮಾಡಬಾರದು ಅಮ್ಮ, ಒಂದು ಮೊಟ್ಟೆಯಾದರೂ, ಸ್ವಲ್ಪ ಹೆಸರುಕಾಳಿನ ದಪ್ಪನೆಯ ಗಸಿಯಾದರೂ ತಿನ್ನಿ ಎಂದು ಉಪದೇಶ ಮಾಡಿದೆ. ಅವರು ಪಾಪ, ತಲೆ ತಗ್ಗಿಸಿ ಕೇಳಿದರು.

ಹೊರಡುವಾಗ ಬಾಗಿಲಲ್ಲಿ ನಿಂತು, ಹಾಗಾದರೆ ಆ ಗಸಿಯನ್ನು ನೀರುದೋಸೆಗೆ ಕೂಡಿಕೊಂಡು ತಿನ್ನಬಹುದಾ ಎಂದು ಕೇಳಿದರು. ಯಾವ ನೀರುದೋಸೆ? ರಾತ್ರಿ ತಿನ್ನುವ ನೀರುದೋಸೆ. ಎಷ್ಟು ತಿನ್ನುತ್ತೀರಿ? ಅದನ್ನು ಯಾರು ಲೆಕ್ಕ ಇಡುತ್ತಾರೆ, ಹಿಟ್ಟು ಮುಗಿಯುವವರೆಗೆ.

ನಮ್ಮಲ್ಲಿ ಊಟ ಎಂದರೆ ಅನ್ನ. ಅನ್ನ ಮುಟ್ಟದಿದ್ದರೆ ಊಟ ಮಾಡಿದ ಹಾಗಲ್ಲ. ದೋಸೆ, ಕಡುಬು, ಸೇಮಿಗೆ ಎಲ್ಲ ಫಲಾಹಾರ. ಈ ಶಾಸ್ತ್ರ ಗೊತ್ತಿದ್ದೂ ನಾನು ಮೋಸಹೋದೆ. ಮೂಲೆಯಲ್ಲಿದ್ದ ಮಗ ಆಗ ಬಾಯಿಬಿಟ್ಟ. “ಅಮ್ಮ ಊಟ ಬಿಟ್ಟ ಮೇಲೆ ಮನೆಗೆ ಅಕ್ಕಿ ಹೆಚ್ಚು ಬೇಕಾಗ್ತದೆ ಮೇಡಂ,” ಎಂದ.

ಗಲ್ಫಿನ ಡಬ್ಬ

ಜಾಲ್ಸೂರಿನ ಒಬ್ಬ ಬ್ಯಾರಿ ಹುಡುಗ ಗಲ್ಫಿನಿಂದ ರಜೆಯಲ್ಲಿ ಊರಿಗೆ ಬಂದವನು ತನ್ನ ಉಮ್ಮನನ್ನೂ ಕರೆದುಕೊಂಡು ಬಂದ. ಅಲ್ಲಿ ಜಿಮ್ಮಿಗೆ ಹೋಗುತ್ತಿದ್ದನಂತೆ. ಬರುವಾಗ ದೊಡ್ಡದೊಂದು ಡಬ್ಬ ಪ್ರೋಟೀನ್ ಪೌಡರ್ ತಂದಿದ್ದ. ಅವನ ದೂರು ಎರಡು. ಪೌಡರಿನಿಂದ ಮೈಗೆ ಏನೂ ಹಿಡಿಯಲಿಲ್ಲ. ಮತ್ತೆ, ತಾನು ತೆಗೆದುಕೊಳ್ಳುವುದು ಸ್ವಲ್ಪ, ಡಬ್ಬ ಮಾತ್ರ ಆಗಲೇ ತಳ ಕಂಡಿದೆ.

ಉಮ್ಮ ಗೋಡೆ ನೋಡತೊಡಗಿದರು. ನಾನು ಅವರನ್ನು ನೋಡತೊಡಗಿದೆ. ಕೊನೆಗೆ ಅವರೇ ಹೇಳಿದರು. ಗಲ್ಫಿನಿಂದ ಬರುವ ಡಬ್ಬ ಎಂದರೆ ಹಾಲಿನ ಪುಡಿ. ಅವರ ಗಂಡ ತಂದದ್ದೂ ಅದೇ, ಅಣ್ಣ ತಂದದ್ದೂ ಅದೇ. ಮಗ ಬೇರೆ ಏನು ತರುತ್ತಾನೆ? ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ಹಲ್ಲಿಲ್ಲ, ರಾತ್ರಿಗೆ ಮೆತ್ತಗೆ ಕಾಯಿಸಿದ ರಾಗಿಯ ಮಣ್ಣಿ ಮಾತ್ರ. ಆ ಮಣ್ಣಿಗೆ ದಿನಾ ಧಾರಾಳವಾಗಿ ಈ ಪುಡಿ ಹಾಕಿ ಕದಡಿ ಕೊಟ್ಟಿದ್ದಾರೆ.

ಅಜ್ಜಿಗೆ ಏನಾದರೂ ತೊಂದರೆಯಾಯಿತೋ ಎಂದು ನನಗೆ ಹೆದರಿಕೆಯಾಯಿತು. ತೊಂದರೆ ಅಜ್ಜಿಗಲ್ಲ. ಅವರು ಎದ್ದು ಕೂತು, ಆಮೇಲೆ ನಿಂತು, ಈಗ ಗೋಡೆ ಹಿಡಿದು ಇಡೀ ಮನೆ ತಿರುಗುತ್ತಿದ್ದಾರೆ. ಮಗ ಹೊರಗೆ ಹೋದದ್ದನ್ನು ನೋಡಿ ಉಮ್ಮ ನನ್ನ ಕಿವಿಯ ಹತ್ತಿರ ಬಂದರು. “ಇನ್ನು ಆ ಡಬ್ಬ ತರುದು ಬೇಡ ಎಂದು ನೀವೇ ಅವನಿಗೆ ಹೇಳಿ ಡಾಕ್ಟ್ರೆ. ಅತ್ತೆ ಈಗ ಅಡಿಗೆಮನೆಯಲ್ಲಿ ನನ್ನ ಹಿಂದೆಯೇ ನಿಂತು ಉಪ್ಪು ನೋಡ್ತಾರೆ.”

ಕಾಣಿಯೂರಿನ ಹಂಡೆ

ಕೋಣಗಳ ಯಜಮಾನರು ಮತ್ತೆ ಬಂದರು. ಮೈ ಹಾಗೆಯೇ, ಹೆಗಲು ಹಿಡಿಯುವುದೂ ಹಾಗೆಯೇ. ದಿನಾ ಹುರುಳಿ ಆಗುತ್ತದಾ ಎಂದು ಕೇಳಿದೆ. ದಿನಾ ಎಂದರು ಇಬ್ಬರೂ. ನಮ್ಮ ಡಾಕ್ಟರು ರಕ್ತ ನೋಡಿ, ಬೇರೆ ಕಾಯಿಲೆ ಏನಿಲ್ಲ ಎಂದರು. ಕಂಬಳ ಹತ್ತಿರ ಬರುತ್ತಿತ್ತು. ಆ ಮನುಷ್ಯ ಈ ಸಲ ಕೋಣಗಳ ಸುದ್ದಿಯನ್ನೂ ಎತ್ತಲಿಲ್ಲ. ಅದು ನನಗೆ ಬೇಸರ ತಂದಿತು.

ಜಾಲ್ಸೂರಿನ ಡಬ್ಬ ನೆನಪಾದದ್ದು ಆಮೇಲೆ. ತಿನ್ನುತ್ತೇವೆ ಎಂದವರ ಮಾತು ಸಾಲದು, ಯಾರ ಬಾಯಿಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಬೇಕು. ಶನಿವಾರ ಕಡಬದಿಂದ ಬರುವಾಗ ಕಾಣಿಯೂರಿನಲ್ಲಿ ಬಸ್ಸಿಳಿದೆ.

ಸಂಜೆಯ ಹೊತ್ತು. ಕೋಣಗಳ ಹಟ್ಟಿಯ ಪಕ್ಕದ ಒಲೆಯಲ್ಲಿ ಹಂಡೆ ತುಂಬ ಹುರುಳಿ ಬೇಯುತ್ತಿತ್ತು. ಹೆಂಡತಿ ನನಗೊಂದು ಮಣೆ ಹಾಕಿ ಕೂರಿಸಿ, ಹಂಡೆ ಬಗ್ಗಿಸಿ ಕಪ್ಪಗಿನ ಕಟ್ಟನ್ನು ಪಾತ್ರೆಗೆ ಬಸಿದರು. ಅದಕ್ಕೆ ಹುಳಿ, ಮೆಣಸು, ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ. ಆ ಪರಿಮಳಕ್ಕೆ ನಾನು ಬಂದ ಕೆಲಸವೇ ಮರೆತುಹೋಗಿ ಒಂದು ಲೋಟ ಕೇಳಿ ಕುಡಿದೆ. ಅಷ್ಟರಲ್ಲಿ ಅವರು ಕಾಳನ್ನೆಲ್ಲ ಬುಟ್ಟಿಗೆ ಸುರಿದು ಹಟ್ಟಿಯ ಕಡೆ ಹೊರಟರು.

“ಅಕ್ಕಾ, ಕಾಳು ಎಲ್ಲಿಗೆ?”

“ಕೋಣಗಳಿಗೆ.”

“ಮತ್ತೆ ಇವರಿಗೆ?”

“ಸಾರು. ಕಾಳು ಕೋಣಕ್ಕೆ, ಸಾರು ಮನುಷ್ಯರಿಗೆ. ನಮ್ಮ ಅತ್ತೆಯ ಕಾಲದಿಂದ ಹಾಗೆಯೇ ಅಲ್ವಾ ಮೇಡಂ?”

ಅವರ ಅತ್ತೆಯ ಕಾಲದಿಂದ ಮಾತ್ರವಲ್ಲ, ನನ್ನ ಅಜ್ಜಿಯ ಕಾಲದಿಂದಲೂ ಹಾಗೆಯೇ. ಲೋಟ ಕೈಯಲ್ಲಿದ್ದವಳು ನಾನು ಯಾರನ್ನು ಬೈಯಲಿ? ಆ ಬುಟ್ಟಿಯಿಂದ ಎರಡು ಸೌಟು ಕಾಳು ತೆಗೆದು, ತೆಂಗಿನಕಾಯಿ, ಒಣಮೆಣಸು ಸೇರಿಸಿ ದಪ್ಪಗೆ ಚಟ್ನಿ ಅರೆದು ಗಂಜಿಗೆ ಬಡಿಸಿ ಎಂದೆ. ಜಗಲಿಯಲ್ಲಿದ್ದ ಯಜಮಾನರು ಕಂಬ ಹಿಡಿದು ಎದ್ದೇಬಿಟ್ಟರು. “ಅವುಗಳ ಪಾಲಿಗೆ ನಾನು ಕೈ ಹಾಕುದಾ? ಮಾತು ಬಾರದ ಪ್ರಾಣಿಗಳು ಮೇಡಂ. ಅದು ಮಾತ್ರ ಆಗ್ಲಿಕ್ಕಿಲ್ಲ.”

ಹೆಂಡತಿ ಬುಟ್ಟಿಯನ್ನು ಕೆಳಗಿಟ್ಟರು. ಆಮೇಲೆ ಸ್ವರ ತಗ್ಗಿಸಿ, “ಕೋಣ ಬೇರೆ ಸಿಗ್ತದೆ. ನನಗೆ ನೀವು ಬೇರೆ ಎಲ್ಲಿ ಸಿಕ್ಕುದು?” ಎಂದರು. ಯಜಮಾನರು ಕೂತರು. ಹೆಂಡತಿ ಅದೇ ಬುಟ್ಟಿಯ ಕಾಳಿನಿಂದ ಚಟ್ನಿ ಅರೆದು, ಎದುರು ನಿಂತು ಬಡಿಸಿದರು. ಇನ್ನು ಪೂರ್ತಿ ಗುಣವಾಗುವವರೆಗೆ ಬಿಸಿ ಹಂಡೆಯ ಹತ್ತಿರ ಇವರು ಬರುವುದು ಬೇಡ, ಕೋಣಗಳ ಆಹಾರ ತಾನೇ ನೋಡಿಕೊಳ್ಳುತ್ತೇನೆ ಎಂದೂ ತೀರ್ಮಾನ ಕೊಟ್ಟರು.

ಓಡಿದ್ದು ಯಾರು?

ದೀಪಾವಳಿ ಕಳೆದ ಮೇಲೆ ಅವರು ಕ್ಲಿನಿಕ್ಕಿನ ಮೆಟ್ಟಿಲನ್ನು ಒಬ್ಬರೇ ಹತ್ತಿ ಬಂದರು. ಒಂದು ದಿನ ಹುರುಳಿ ಚಟ್ನಿ, ಒಂದು ದಿನ ಹುರುಳಿಯದೇ ಗಸಿ, ನಡುವೆ ಮೊಟ್ಟೆ, ಬಂಗುಡೆ ಸಿಕ್ಕಿದ ದಿನ ಬಂಗುಡೆ. ಗಂಜಿ ಮಾತ್ರ ದಿನಾ ಉಂಟು ಎಂದು ನಾನು ಕೇಳುವ ಮೊದಲೇ ಎಚ್ಚರಿಸಿದರು. ತಂಗಿಯ ಮಗನಿಗೆ, ಕುರ್ಚಿ ಉಂಟು, ಈ ಸಲ ನೀನು ಕೂತ್ಕೋ ಮಾರಾಯ ಎಂದು ಹೇಳಿ ಆಗಿತ್ತಂತೆ.

ಕಂಬಳದ ಮರುದಿನ ಫೋನ್ ಬಂತು. ಮೊದಲು ಯಜಮಾನರೇ ಮಾತಾಡಿದರು. ಹಗ್ಗ ತಾನೇ ಹಿಡಿದು ಗದ್ದೆಗೆ ಇಳಿಸಿದ್ದನ್ನು ಎರಡೆರಡು ಸಲ ಹೇಳಿದರು. ಓಟ ಮುಗಿದ ಮೇಲೆ ಒಂದು ಕೋಣ ಪಟಾಕಿಗೆ ಬೆದರಿ ಹಗ್ಗ ಕಿತ್ತುಕೊಂಡು ಪಕ್ಕದ ಗದ್ದೆಗೆ ಹಾರಿತಂತೆ. ಪ್ರಾಯದ ಹುಡುಗರೆಲ್ಲ ನೋಡುತ್ತ ನಿಂತಾಗ ಇವರೇ ಮುಂಡು ಎತ್ತಿ ಕಟ್ಟಿ, ಬದುವಿನ ಮೇಲೆ ಓಡಿ ಹಿಡಿದು ತಂದದ್ದು. ಬಿದ್ದಿರಾ, ಉಸಿರು ಕಟ್ಟಿತಾ ಎಂದು ನಾನು ಗಾಬರಿಯಿಂದ ಕೇಳಿದರೆ, ಎಂತದ್ದೂ ಇಲ್ಲ ಎಂದು ನಕ್ಕರು. ಆ ನಗು ಕೇಳಿ ನನ್ನ ಇಡೀ ದಿನ ಹಗುರವಾಯಿತು.

ಆಮೇಲೆ ಅವರ ಸ್ವರ ಸ್ವಲ್ಪ ಇಳಿಯಿತು. ಕೋಣಗಳು ಈ ಸಲ ಎಲ್ಲರಿಗಿಂತ ಹಿಂದೆ ಬಂದವು. ಯಾಕೋ ಬಲವೇ ಇಲ್ಲ. ತಾನು ಹಿಡಿಯಲು ಹೋದಾಗಲೂ ಆ ಕೋಣ ಹೆಚ್ಚು ದೂರ ಓಡಲಿಲ್ಲ, ಬದುವಿನ ಪಕ್ಕ ನಿಂತು ಕಾಯುತ್ತಿತ್ತು. ಅವುಗಳಿಗೂ ಒಂದು ಪಥ್ಯ ಹೇಳಬೇಕಿತ್ತು ಮೇಡಂ ಎಂದರು. ನನಗೆ ಬಾಯಿಪಾಠವಾದ ಪ್ರಶ್ನೆ ತಾನಾಗಿ ಬಂತು. ರಾತ್ರಿ ಎಂತ ತಿನ್ನುದು ಅವು?

ಅದು ಇವಳಿಗೆ ಗೊತ್ತು ಎಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಅವರು ಫೋನ್ ಹಿಡಿದುಕೊಂಡು ಹಟ್ಟಿಯವರೆಗೆ ನಡೆದದ್ದು ನನಗೆ ಕೇಳಿಸಿತು.

“ಇವರಿಗೆ ಕಾಳು ಮೈಗೆ ಹಿಡೀತಾ ಬಂತಲ್ಲ ಮೇಡಂ, ದಿನಾ ಹೆಚ್ಚು ಹೆಚ್ಚು ಬಡಿಸಿದೆ, ಇವರ ತಂಗಿಯ ಮಗನಿಗೂ, ಮನೆಗೆ ಬಂದವರಿಗೆಲ್ಲ ಬಡಿಸಿದೆ,” ಎಂದರು ಪಿಸುಮಾತಿನಲ್ಲಿ. “ಕೋಣಗಳಿಗೆ ತೌಡಿಗೆ ಸಾರು ಕಲಸಿ ಕೊಟ್ಟದ್ದು. ಮಾತು ಬಾರದ ಪ್ರಾಣಿಗಳು, ಅವು ಹೇಳುದಿಲ್ಲ. ನೀವೂ ಹೇಳ್ಬೇಡಿ.”